ಗುಜರಿಗೆ ಹೋಗದ ಮೋಟಾರ್

ಗುಜರಿಯವ ಬಂದು ತಕ್ಕಡಿ ಇಳಿಸಿಯಾಗಿತ್ತು. ಹಿತ್ತಿಲ ಕೊಟ್ಟಿಗೆಯಲ್ಲಿದ್ದ ಸುಟ್ಟ ನೀರಿನ ಪಂಪು, ತುಕ್ಕು ಹಿಡಿದ ಸೈಕಲ್, ಎರಡು ತಗಡಿನ ಡಬ್ಬಿ ಎಲ್ಲ ತೂಗಿ ಆದ ಮೇಲೆ ಅವನ ಕಣ್ಣು ಮೂಲೆಗೆ ಹೋಯಿತು.

"ಕಾಕಾ, ಅದೆಂತದ್ದು? ಟಾರ್ಪಾಲು ಸುತ್ತಿದ್ದು?"

"ಅದು ಉಪ್ಪನ ದೋಣಿಯ ಮೋಟಾರ್."

"ಅಲ್ಯೂಮಿನಿಯಂ ಉಂಟಲ್ಲ. ಒಳ್ಳೆ ರೇಟ್ ಕೊಡ್ತೇನೆ."

ನನ್ನ ತಮ್ಮ "ಕೊಟ್ಟುಬಿಡುವ, ಜಾಗ ಖಾಲಿ ಆಗ್ತದೆ" ಅಂದ. ಉಮ್ಮ ಏನೂ ಹೇಳಲಿಲ್ಲ. ಜಗಲಿಯಲ್ಲಿ ಕುಳಿತಿದ್ದ ಉಪ್ಪ ಎದ್ದು ಒಳಗೆ ಹೋದರು. ಕೊಡಿ ಅಂತಲೂ ಇಲ್ಲ, ಬೇಡ ಅಂತಲೂ ಇಲ್ಲ. ಇಪ್ಪತ್ತು ವರ್ಷದಿಂದ ಆ ಮೋಟಾರಿನ ಮಾತು ಬಂದಾಗಲೆಲ್ಲ ಅವರು ಮಾಡಿದ್ದು ಅಷ್ಟೇ, ಎದ್ದು ಒಳಗೆ ಹೋಗುವುದು.

ಗುಜರಿಯವನಿಗೆ ನಾನು ಬೇಡ ಅಂದೆ. ಯಾಕೆ ಅಂದೆ ಅಂತ ಆಗ ನನಗೂ ಗೊತ್ತಿರಲಿಲ್ಲ. ಜುಬೈಲ್‌ನಲ್ಲಿ ಹತ್ತೊಂಬತ್ತು ವರ್ಷ ಪಂಪು, ವಾಲ್ವು ಬಿಚ್ಚಿ ಜೋಡಿಸುವ ಕೆಲಸ ಮಾಡಿ ಊರಿಗೆ ಬಂದು ಆರು ತಿಂಗಳಾಗಿತ್ತು. ಹಗಲು ಅಂಗಡಿ. ಅಸರ್ ಕಳೆದು ಮಗ್ರಿಬ್ ವರೆಗೆ ಕೈಗೆ ಕೆಲಸ ಇಲ್ಲ. ಸ್ಪ್ಯಾನರ್ ಹಿಡಿದು ಅಭ್ಯಾಸ ಆದ ಕೈ ಸುಮ್ಮನೆ ಕೂರುವುದಿಲ್ಲ. ಟಾರ್ಪಾಲು ಬಿಚ್ಚಿದೆ.

ಆ ಜುಲೈ

ನಮ್ಮ ಮನೆ ಉಳ್ಳಾಲದ ಕೋಟೆಪುರದ ಹತ್ತಿರ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ನೇತ್ರಾವತಿ. ಎದುರು ದಡದಲ್ಲಿ ಬೆಂಗ್ರೆ ಕಾಣುತ್ತದೆ. ನೇತ್ರಾವತಿ ಮತ್ತು ಗುರುಪುರ ಹೊಳೆ ಎರಡೂ ಸೇರಿ ಸಮುದ್ರಕ್ಕೆ ಬೀಳುವ ಅಳಿವೆ ಬಾಗಿಲು ನಡುವೆ.

ಉಪ್ಪ ಮತ್ತು ಬೆಂಗ್ರೆಯ ಮೊಗವೀರರೊಬ್ಬರು ಪಾಲುದಾರಿಕೆಯಲ್ಲಿ ಒಂದು ನಾಡದೋಣಿ ಇಟ್ಟಿದ್ದರು. ಉಪ್ಪ ಅವರನ್ನು ಕರೆಯುವುದು "ತಾಂಡೇಲರೇ" ಎಂದು, ಅವರು ಉಪ್ಪನನ್ನು ಕರೆಯುವುದು "ಬ್ಯಾರೀ" ಎಂದು. ಮಾತೆಲ್ಲ ತುಳುವಿನಲ್ಲಿ. ಮಳೆಗಾಲದಲ್ಲಿ ದೊಡ್ಡ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರ ತನಕ ರಜೆ. 10 ಅಶ್ವಶಕ್ತಿ ಒಳಗಿನ ಮೋಟಾರಿನ ನಾಡದೋಣಿಗೆ ಆ ತಡೆ ಇಲ್ಲ. ಸಮುದ್ರ ಸ್ವಲ್ಪ ತಣಿದ ದಿನ ಹೋದರೆ ಒಳ್ಳೆಯ ಮೀನು, ಒಳ್ಳೆಯ ದುಡ್ಡು. ಅಪಾಯವೂ ಅಷ್ಟೇ.

2002ರ ಜುಲೈನ ಒಂದು ಬೆಳಿಗ್ಗೆ ಬಲೆ ಎಳೆದು ವಾಪಸು ಬರುವಾಗ, ಸರಿಯಾಗಿ ಅಳಿವೆ ಬಾಗಿಲಲ್ಲಿ ಮೋಟಾರ್ ನಿಂತಿತು. ಅಲ್ಲಿ ಹೊಳೆಯ ಸೆಳೆತವೂ ಸಮುದ್ರದ ತೆರೆಯೂ ಒಂದಕ್ಕೊಂದು ಹೊಡೆಯುವುದು ಗೊತ್ತಿದ್ದವರಿಗೆ ಗೊತ್ತು. ಮುಖ ತಿರುಗಿಸಲು ಬಲ ಇಲ್ಲದ ದೋಣಿ ಅಲ್ಲಿ ತೆಂಗಿನ ಸಿಪ್ಪೆಯ ಹಾಗೆ. ಅಡ್ಡ ಬಂದ ತೆರೆಗೆ ಮಗುಚಿತು. ಹಿಂದೆ ಬರುತ್ತಿದ್ದ ದೋಣಿಯವರು ಇಬ್ಬರನ್ನೂ ಎಳೆದು ಹಾಕಿಕೊಂಡರು. ಜೀವ ಉಳಿಯಿತು. ತಾಂಡೇಲರ ಬಲ ಭುಜ ಮುರಿಯಿತು, ಮತ್ತೆ ಅವರು ಬಲೆ ಎಳೆಯಲಿಲ್ಲ. ದೋಣಿ ಮರಳಿಗೆ ಬಡಿದು ಸೀಳಿತು. ಮೋಟಾರ್ ಮರುದಿನ ಸಿಕ್ಕಿತು, ಹೊಟ್ಟೆ ತುಂಬ ಉಪ್ಪುನೀರು, ಮರಳು.

ಮೂರು ದಿನ ಕಳೆದು ಯಾರೋ ಒಬ್ಬ ಮೆಕ್ಯಾನಿಕ್ ನೋಡಿದ. ಹಗ್ಗ ಎಳೆದ, ಅಲ್ಲಾಡಲಿಲ್ಲ. "ಸೀಜ್ ಆಗಿದೆ. ಎಣ್ಣೆ ಬೆರೆಸದೆ ಓಡಿಸಿದ್ದೀರಿ" ಅಂದ.

ಉಪ್ಪನಿಗೆ ಆ ಬೆಳಿಗ್ಗೆ ಎಣ್ಣೆ ಬೆರೆಸಿದ್ದು ನೆನಪಿರಲಿಲ್ಲ. ಕತ್ತಲೆ, ಮಳೆ, ಅವಸರ. ದಿನಾ ಮಾಡುವ ಕೆಲಸ ಆ ಒಂದು ದಿನ ಮಾಡಿದ್ದೋ ಬಿಟ್ಟದ್ದೋ ಅಂತ ಯಾರಿಗೆ ನೆನಪಿರುತ್ತದೆ? ಅವನು ಹೇಳಿದ್ದನ್ನು ಅವರು ಒಪ್ಪಿಕೊಂಡರು. ಆಸ್ಪತ್ರೆಗೆ ಒಂದು ಸಲ ಹೋದರು, ತಾಂಡೇಲರ ಮುಖ ನೋಡಲಾಗದೆ ಬಂದರು. ಮತ್ತೆ ಬೆಂಗ್ರೆಗೆ ಕಾಲಿಡಲಿಲ್ಲ. ಮರುವರ್ಷ ನಾನು ಕಾಲೇಜು ಬಿಟ್ಟು ವಿಮಾನ ಹತ್ತಿದೆ.

ಎಣ್ಣೆ ಇಲ್ಲದಿದ್ದರೆ ಏನಾಗುತ್ತದೆ?

ಇಲ್ಲಿ ಸ್ವಲ್ಪ ಮೋಟಾರಿನ ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದ್ದು ಅರ್ಥ ಆಗುವುದಿಲ್ಲ.

ದೋಣಿಯ ಹಿಂದೆ ಸಿಕ್ಕಿಸುವ ಮೋಟಾರಿಗೆ ನೂರು ವರ್ಷಕ್ಕಿಂತ ಹೆಚ್ಚಿನ ಚರಿತ್ರೆ ಉಂಟು. ನಾರ್ವೆಯಲ್ಲಿ ಹುಟ್ಟಿ ಅಮೆರಿಕದ ಮಿಲ್ವಾಕಿಯಲ್ಲಿ ಕೆಲಸ ಮಾಡುತ್ತಿದ್ದ ಓಲೆ ಎವಿನ್ರೂಡ್ 1909ರಲ್ಲಿ ಒಂದೂವರೆ ಅಶ್ವಶಕ್ತಿಯ ಮೋಟಾರನ್ನು ಮಾರಾಟಕ್ಕೆ ತಂದರು. ಅವರಿಗಿಂತ ಮೊದಲೂ ಕೆಲವರು ಮಾಡಿದ್ದರು, ಆದರೆ ಮನೆಮಾತಾದದ್ದು ಅವರದ್ದು. ಜಪಾನಿನ ಯಮಹಾ 1960ರಲ್ಲಿ, ಸುಝುಕಿ 1965ರಲ್ಲಿ ಈ ಕೆಲಸಕ್ಕೆ ಇಳಿದವು. ಪಶ್ಚಿಮ ಕರಾವಳಿಯ ಸಾಂಪ್ರದಾಯಿಕ ದೋಣಿಗಳಿಗೆ ಇಂಥ ಮೋಟಾರು ದೊಡ್ಡ ಸಂಖ್ಯೆಯಲ್ಲಿ ಬಂದದ್ದು 1980ರ ನಂತರ. ಹುಟ್ಟು ಹಾಕುತ್ತಿದ್ದ ಕೈಗಳಿಗೆ ಅದೊಂದು ದೊಡ್ಡ ಬಿಡುಗಡೆ.

ನಮ್ಮಲ್ಲಿ ಹೆಚ್ಚಾಗಿ ಇದ್ದದ್ದು ಚಿಮಿಣಿ ಎಣ್ಣೆಯಲ್ಲಿ ಓಡುವವು. ಅದರಲ್ಲಿ ಪೆಟ್ರೋಲ್ ಹಾಕಿ ಸ್ಟಾರ್ಟ್ ಮಾಡಬೇಕು, ಬಿಸಿಯಾದ ಮೇಲೆ ಚಿಮಿಣಿ ಎಣ್ಣೆಗೆ ತಿರುಗಿಸಬೇಕು, ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲಿಗೆ ತರಬೇಕು. ತಣ್ಣಗಿನ ಇಂಜಿನಿನಲ್ಲಿ ಚಿಮಿಣಿ ಎಣ್ಣೆ ಆವಿಯಾಗಿ ಹೊತ್ತಿಕೊಳ್ಳುವುದು ಕಷ್ಟ, ಅದಕ್ಕಾಗಿ ಈ ಉಪಾಯ.

ಉಪ್ಪನ ಮೋಟಾರ್ ಜಪಾನಿನದ್ದು, ಎರಡು ಸಿಲಿಂಡರ್, 8 ಅಶ್ವಶಕ್ತಿ, ಟೂ ಸ್ಟ್ರೋಕ್. ಕಾರಿನ ಇಂಜಿನಿಗೆ ಕೆಳಗೆ ಆಯಿಲ್ ತುಂಬಿದ ಚೇಂಬರ್ ಇರುತ್ತದೆ. ಟೂ ಸ್ಟ್ರೋಕಿಗೆ ಅದು ಇಲ್ಲ. ಇಂಧನದಲ್ಲೇ ಬೆರೆಸಿದ ಆಯಿಲ್ ಒಳಗೆ ಹೋಗಿ ಬೇರಿಂಗು, ಪಿಸ್ಟನ್ ಎಲ್ಲವನ್ನೂ ಒದ್ದೆ ಮಾಡಬೇಕು. ಬೆರೆಸುವುದು ಮರೆತರೆ ಪಿಸ್ಟನ್ ಒಣಗಿ ಉಜ್ಜುತ್ತದೆ, ಬಿಸಿಗೆ ಹಿಗ್ಗುತ್ತದೆ, ಅಲ್ಯೂಮಿನಿಯಂ ಕರಗಿ ಸಿಲಿಂಡರಿನ ಗೋಡೆಗೆ ಮೆತ್ತಿಕೊಳ್ಳುತ್ತದೆ. ಸೀಜ್ ಅಂದರೆ ಅದು. ಆಮೇಲೆ ಎಷ್ಟು ವರ್ಷ ಕಳೆದರೂ ಪಿಸ್ಟನಿನ ಮೈಮೇಲೆ ಉದ್ದುದ್ದ ಗೀರು ಹಾಗೆಯೇ ಉಳಿಯುತ್ತದೆ.

ಅಂದರೆ ಉಪ್ಪ ಆ ದಿನ ಎಣ್ಣೆ ಹಾಕಿದ್ದರೋ ಇಲ್ಲವೋ ಎಂಬ ಪ್ರಶ್ನೆಗೆ ಉತ್ತರ ಇಪ್ಪತ್ತು ವರ್ಷದಿಂದ ನಮ್ಮ ಕೊಟ್ಟಿಗೆಯಲ್ಲೇ ಇತ್ತು. ತೆಗೆದು ನೋಡಿದವರಿಲ್ಲ. ನಿಜ ಹೇಳಬೇಕೆಂದರೆ, ನನಗೆ ತೆಗೆಯಲು ಹೆದರಿಕೆಯಾಯಿತು. ಗೀರು ಸಿಕ್ಕಿದರೆ? ಅದನ್ನು ಅವರಿಗೆ ತೋರಿಸುವುದಾ, ಮುಚ್ಚಿಡುವುದಾ?

ಒಂಬತ್ತು ದಿನ ಎಣ್ಣೆಸ್ನಾನ

ಮೊದಲು ಎರಡು ಪ್ಲಗ್ ಬಿಚ್ಚಿ, ಆ ತೂತಿನಲ್ಲಿ ಡೀಸೆಲ್ ಮತ್ತು ಕಾರಿನ ಗೇರ್‌ಬಾಕ್ಸಿಗೆ ಹಾಕುವ ಎಟಿಎಫ್ ಆಯಿಲ್ ಸಮ ಸಮ ಬೆರೆಸಿ ಸುರಿದೆ. ದಿನಾ ಸ್ವಲ್ಪ ಸ್ವಲ್ಪ. ಹಿಡಿದುಕೊಂಡ ಪಿಸ್ಟನಿಗೆ ಸುತ್ತಿಗೆಯ ಭಾಷೆ ಬಾರದು, ಸಬೂರಿನ ಭಾಷೆ ಬರುತ್ತದೆ. ಒಂಬತ್ತು ದಿನ ಹಾಗೆ ಬಿಟ್ಟೆ.

ಬೋಲ್ಟುಗಳದ್ದು ಇನ್ನೊಂದು ಕಥೆ. ಉಕ್ಕಿನ ಬೋಲ್ಟ್, ಅಲ್ಯೂಮಿನಿಯಂ ಬಾಡಿ, ನಡುವೆ ಉಪ್ಪುನೀರು. ಈ ಮೂರು ಸೇರಿದರೆ ಸಣ್ಣ ಬ್ಯಾಟರಿಯ ಹಾಗೆ ಕೆಲಸ ಮಾಡಿ ಅಲ್ಯೂಮಿನಿಯಂ ತಿಂದುಹೋಗುತ್ತದೆ, ಬಿಳಿ ಪುಡಿ ಕಟ್ಟಿ ಬೋಲ್ಟನ್ನು ಕಚ್ಚಿ ಹಿಡಿಯುತ್ತದೆ. ಬ್ಲೋ ಲ್ಯಾಂಪಿನಲ್ಲಿ ಬಾಡಿಗೆ ಬಿಸಿ ಕೊಟ್ಟು, ಬಿಸಿ ಇರುವಾಗ ಮೇಣದ ಬತ್ತಿ ತಾಗಿಸಿದರೆ ಮೇಣ ಕರಗಿ ಮರೆಯೊಳಗೆ ಇಳಿಯುತ್ತದೆ. ಹಾಗೆ ಬಿಚ್ಚಿದೆ. ಸೈಲೆನ್ಸರ್ ಕವರಿನ ಒಂದು ಬೋಲ್ಟಿನಲ್ಲಿ ಮಾತ್ರ ನಾನು ಅವಸರ ಮಾಡಿದೆ. ಟಕ್ ಅಂತ ತಲೆ ಮುರಿದು ಕೈಗೆ ಬಂತು. ಅದನ್ನು ಡ್ರಿಲ್ ಮಾಡಿ ತೆಗೆದು ಹೊಸ ಮರೆ ಹಾಕಿಸಲು ಲೇತಿನವರಿಗೆ 600 ರೂಪಾಯಿ. ಜುಬೈಲಿನಲ್ಲಿ ಹೊಸಬರಿಗೆ "ಅವಸರ ಮಾಡಬೇಡ" ಅಂತ ಹೇಳುತ್ತಿದ್ದವನು ನಾನೇ.

ಮನೆಯಲ್ಲಿ ಶಾಂತಿ ಇರಲಿಲ್ಲ. ಬಿಚ್ಚಿದ ಸಾಮಾನು ನೆನೆಹಾಕಲು ಪಾತ್ರೆ ಸಾಲದೆ ಹಳೆಯ ಬಿರಿಯಾನಿ ಚೆಂಬು ತೆಗೆದಿದ್ದೆ. ಹೆಂಡತಿ ನೋಡಿದಳು. "ಹಬ್ಬಕ್ಕೆ ಇದರಲ್ಲೇ ಕಾರ್ಬುರೇಟರ್ ಬಿರಿಯಾನಿ ಮಾಡುವ" ಅಂದಳು. ಹೊಸ ಚೆಂಬು ತಂದುಕೊಟ್ಟ ಮೇಲೆಯೇ ಮಾತು ಸರಿಯಾದದ್ದು. ಖರ್ಚಿನ ಲೆಕ್ಕದಲ್ಲಿ ಅದನ್ನೂ ಸೇರಿಸಬೇಕು.

ಎರಡು ತುಂಡಾದ ಕೀ

ಪಿಸ್ಟನ್ ನೆನೆಯುತ್ತಿದ್ದ ಆ ದಿನಗಳಲ್ಲಿ ಮೇಲಿನ ಫ್ಲೈವೀಲ್ ತೆಗೆಯೋಣ ಅಂತ ಕೂತೆ. ಹಗ್ಗ ಎಳೆದಾಗ ತಿರುಗುವ ದೊಡ್ಡ ಚಕ್ರ ಅದು. ಅದರ ಒಳಗೆ ಅಯಸ್ಕಾಂತ ಇರುತ್ತದೆ, ಕೆಳಗೆ ಕಾಯಿಲ್. ಅಯಸ್ಕಾಂತ ಕಾಯಿಲಿನ ಎದುರು ಹಾದುಹೋದಾಗ ಪ್ಲಗ್‌ನಲ್ಲಿ ಕಿಡಿ ಹುಟ್ಟುತ್ತದೆ. ಪಿಸ್ಟನ್ ಮೇಲೆ ಬರುವ ಹೊತ್ತಿಗೆ ಸರಿಯಾಗಿ ಕಿಡಿ ಬರಬೇಕಾದರೆ ಚಕ್ರ ಶಾಫ್ಟಿನ ಮೇಲೆ ಒಂದೇ ಜಾಗದಲ್ಲಿ ಕೂತಿರಬೇಕು. ಅದಕ್ಕೆ ಗುರುತು ಹಿಡಿಯುವುದು ಅರ್ಧಚಂದ್ರದ ಆಕಾರದ ಒಂದು ಸಣ್ಣ ಕಬ್ಬಿಣದ ತುಂಡು. ಗ್ಯಾರೇಜಿನವರು ಹಾಫ್ ಮೂನ್ ಕೀ ಅನ್ನುತ್ತಾರೆ. ಉಗುರಿನಷ್ಟು ದೊಡ್ಡದು.

ಫ್ಲೈವೀಲ್ ನಟ್ಟಿಗೆ ಉದ್ದದ ಪೈಪು ಸಿಕ್ಕಿಸಿ ನೇತಾಡಬೇಕಾದೀತು ಅಂದುಕೊಂಡಿದ್ದೆ. ತುಕ್ಕು ಬಿಡಿಸಿ ಒಂದು ಸಲ ತಿರುಗಿಸಿದ್ದಷ್ಟೇ, ಸಡಿಲವಾಗಿ ಬಂತು. ಪುಲ್ಲರ್ ಹಾಕಿ ಚಕ್ರ ಎತ್ತಿದೆ. ಕೀ ಎರಡು ತುಂಡಾಗಿತ್ತು. ಅರ್ಧ ಶಾಫ್ಟಿನ ಗುಂಡಿಯಲ್ಲಿ, ಅರ್ಧ ಚಕ್ರದ ಗಾಡಿಯಲ್ಲಿ. ಎರಡೂ ಒಂದಕ್ಕೊಂದು ಎದುರು ಇರಲಿಲ್ಲ.

ಆ ಹೊತ್ತಿಗೆ ನನಗೆ ಅದರ ಅರ್ಥ ಪೂರ್ತಿ ಹೊಳೆಯಲಿಲ್ಲ. ಮಡಚಿದ ಕಾಗದದಲ್ಲಿ ಎರಡು ತುಂಡು ಕಟ್ಟಿಟ್ಟೆ.

ಹತ್ತನೆಯ ದಿನ ಹೆಡ್ ಬಿಚ್ಚಿ, ಪಿಸ್ಟನಿನ ತಲೆಯ ಮೇಲೆ ಮರದ ತುಂಡು ಇಟ್ಟು ಮೆಲ್ಲಗೆ ತಟ್ಟಿದೆ. ಮೊದಲು ಕೂದಲೆಳೆಯಷ್ಟು, ಆಮೇಲೆ ಬೆರಳಿನಷ್ಟು, ಆಮೇಲೆ ಬಿಟ್ಟಿತು. ಹನ್ನೆರಡು ವರ್ಷದ ಮಗ ಟಾರ್ಚ್ ಹಿಡಿದಿದ್ದ. ಪಿಸ್ಟನ್ ಹೊರಗೆ ತೆಗೆದು ಬಟ್ಟೆಯಲ್ಲಿ ಒರೆಸಿದೆ. ಒಂದನ್ನು ನೋಡಿದೆ. ಇನ್ನೊಂದನ್ನು ನೋಡಿದೆ. ಕನ್ನಡಕ ಹಾಕಿ ಪುನಃ ನೋಡಿದೆ.

ಗೀರು ಇರಲಿಲ್ಲ. ಸಿಲಿಂಡರಿನ ಗೋಡೆಯಲ್ಲಿ ತುಕ್ಕಿನ ಒಂದು ಬಳೆ ಇತ್ತು, ಪಿಸ್ಟನಿನ ರಿಂಗ್ ನಿಂತಿದ್ದ ಜಾಗದಲ್ಲಿ. ಉಪ್ಪುನೀರು ಒಳಗೆ ನಿಂತು ಹಿಡಿದ ತುಕ್ಕು ಅದು. ಅಲ್ಯೂಮಿನಿಯಂ ಮೆತ್ತಿದ ಗುರುತು ಎಲ್ಲೂ ಇಲ್ಲ.

ಎಲ್ಲವನ್ನೂ ಚೀಲಕ್ಕೆ ಹಾಕಿ ಮರುದಿನ ಮಂಗಳೂರು ಬಂದರಿನ ಒಬ್ಬ ಹಳೆಯ ಮೇಸ್ತ್ರಿಯ ಹತ್ತಿರ ಹೋದೆ. ನಲ್ವತ್ತು ವರ್ಷ ಇದೇ ಮೋಟಾರುಗಳನ್ನು ಬಿಚ್ಚಿದ ಕೈ ಅವರದ್ದು. ಪಿಸ್ಟನನ್ನು ಬೆಳಕಿಗೆ ಹಿಡಿದು ತಿರುಗಿಸಿದರು, ಕೀಯ ಎರಡು ತುಂಡನ್ನು ಅಂಗೈಯಲ್ಲಿ ಜೋಡಿಸಿ ನೋಡಿದರು.

"ಇದು ಆಯಿಲ್ ಇಲ್ಲದೆ ನಿಂತದ್ದಲ್ಲ ಮಾರಾಯ. ನಟ್ಟು ಬಿಗಿ ಇರಲಿಲ್ಲ. ಚಕ್ರ ಜಾರಿದೆ, ಕೀ ಕಡಿದಿದೆ. ಕಿಡಿ ಎಲ್ಲಿಯೋ ಬರುವಾಗ ಇಂಜಿನ್ ಎಲ್ಲಿಂದ ಓಡ್ತದೆ?"

"ಮೂರು ದಿನ ಕಳೆದು ತಿರುಗಲಿಲ್ಲವಂತೆ."

"ಉಪ್ಪುನೀರಲ್ಲಿ ಮುಳುಗಿದ್ದನ್ನು ತೊಳೆಯದೆ ಇಟ್ಟರೆ ಮೂರು ದಿನ ಯಾಕೆ, ಒಂದು ರಾತ್ರಿ ಸಾಕು. ಉಪ್ಪನ ಹತ್ತಿರ ಒಂದು ಮಾತು ಕೇಳು, ಆ ದಿನ ಹಗ್ಗ ಎಳೆದಾಗ ಇಂಜಿನ್ ತಿರುಗ್ತಿತ್ತಾ ಅಂತ. ಬಿಸಿಗೆ ಹಿಡಿದದ್ದು ತಣಿದ ಮೇಲೆ ಬಿಡುವುದೂ ಉಂಟು. ಆದರೆ ಹಾಗೆ ಹಿಡಿದಿದ್ದರೆ ಈ ಪಿಸ್ಟನ್ ಇಷ್ಟು ಚಂದ ಇರುವುದಿಲ್ಲ."

ಉಪ್ಪನ ಹತ್ತಿರ ಕೇಳಿದ್ದು

ಆ ಸಂಜೆ ಉಪ್ಪ ಜಗಲಿಯಲ್ಲಿದ್ದರು. ಅವರಿಗೆ ಈಗ 74. ನಾನು ನೆಲದಲ್ಲಿ ಕೂತೆ.

"ಉಪ್ಪಾ, ಆ ದಿನ ಅಳಿವೆಯಲ್ಲಿ ಹಗ್ಗ ಎಳೆದಿದ್ದೀರಲ್ಲ. ಇಂಜಿನ್ ತಿರುಗ್ತಿತ್ತಾ?"

ತುಂಬ ಹೊತ್ತು ಸುಮ್ಮನಿದ್ದರು. ಎದ್ದು ಹೋಗುತ್ತಾರೆ ಅಂದುಕೊಂಡೆ. ಹೋಗಲಿಲ್ಲ.

"ತಿರುಗ್ತಿತ್ತು. ಹತ್ತು ಹದಿನೈದು ಸಲ ಎಳೆದೆ. ಎರಡು ಸಲ ಹಗ್ಗ ವಾಪಸು ಎಳೆದು ಕೈಗೆ ಹೊಡೆಯಿತು. ಹೊತ್ತಿಕೊಳ್ಳಲಿಲ್ಲ."

ಹಗ್ಗ ಹಿಂದಕ್ಕೆ ಎಳೆದು ಕೈಗೆ ಹೊಡೆಯುವುದು ಕಿಡಿ ತಪ್ಪಿದ ಹೊತ್ತಿನಲ್ಲಿ ಬರುವ ಲಕ್ಷಣ. ಒಣಗಿ ಹಿಡಿದ ಇಂಜಿನ್ ಹದಿನೈದು ಸಲ ತಿರುಗುವುದಿಲ್ಲ. ನಾನು ಕಾಗದ ಬಿಚ್ಚಿ ಕೀಯ ತುಂಡು ತೋರಿಸಿದೆ, ಪಿಸ್ಟನ್ ಕೈಗೆ ಕೊಟ್ಟೆ, ಮೇಸ್ತ್ರಿ ಹೇಳಿದ್ದನ್ನೆಲ್ಲ ಹೇಳಿದೆ. ಅವರು ಪಿಸ್ಟನಿನ ಮೈಮೇಲೆ ಹೆಬ್ಬೆರಳು ಆಡಿಸುತ್ತಾ ಕೂತರು.

"ಅದಕ್ಕೆ ಸ್ವಲ್ಪ ದಿನ ಮೊದಲು ಕಾಯಿಲ್ ಹಾಕಿಸಿದ್ದೆ" ಅಂದರು ಮೆಲ್ಲಗೆ.

ಕಾಯಿಲ್ ಬದಲಿಸಬೇಕಾದರೆ ಚಕ್ರ ಎತ್ತಲೇಬೇಕು. ವಾಪಸು ಕೂರಿಸಿದವರು ನಟ್ಟನ್ನು ಸರಿಯಾಗಿ ಬಿಗಿ ಮಾಡಿಲ್ಲ. ಯಾರು, ಎಲ್ಲಿ ಅಂತ ಈಗ ಹುಡುಕಿ ಪ್ರಯೋಜನ ಇಲ್ಲ. ನಾನೂ ನೂರಾರು ನಟ್ಟು ಬಿಗಿ ಮಾಡಿದವನು, ಎಲ್ಲವೂ ಸರಿ ಇತ್ತು ಅಂತ ಆಣೆ ಹಾಕಿ ಹೇಳಲಾರೆ.

ಆ ರಾತ್ರಿ ಉಪ್ಪ ಊಟಕ್ಕೆ ಕೂತಾಗ ಉಮ್ಮನ ಹತ್ತಿರ ಎರಡನೆಯ ಸಲ ಮೀನು ಸಾರು ಕೇಳಿದರು ಎಂಬುದನ್ನು ಬಿಟ್ಟರೆ ಮನೆಯಲ್ಲಿ ಏನೂ ನಡೆಯಲಿಲ್ಲ. ಮರುದಿನ ಅಸರ್ ಕಳೆದು ನಾನು ಕೊಟ್ಟಿಗೆಗೆ ಹೋದರೆ ಅಲ್ಲಿ ಆಗಲೇ ಒಂದು ಕುರ್ಚಿ ಬಂದಿತ್ತು, ಅದರಲ್ಲಿ ಅವರಿದ್ದರು.

ಜೋಡಿಸುವುದು

ಮುಂದಿನ ನಾಲ್ಕು ತಿಂಗಳು ನಾವು ಮೂರು ತಲೆಮಾರು ಆ ಕೊಟ್ಟಿಗೆಯಲ್ಲಿದ್ದೆವು.

ತುಕ್ಕಿನ ಗುಂಡಿ ಹೋಗಬೇಕಾದರೆ ಸಿಲಿಂಡರ್ ಸ್ವಲ್ಪ ದೊಡ್ಡದು ಮಾಡಲೇಬೇಕು. ಎರಡನ್ನೂ ಬೋರ್ ಮಾಡಿಸಿ 0.25 ಮಿ.ಮೀ. ದೊಡ್ಡ ಪಿಸ್ಟನ್, ರಿಂಗ್ ಹಾಕಿದೆ. ಹೆಡ್ ಗ್ಯಾಸ್ಕೆಟ್, ಸೀಲ್, ಹೊಸ ಕೀ, ಪ್ಲಗ್ ಬಂತು. ಕಾಯಿಲ್ ಮಾತ್ರ ಹಳೆಯದೇ, ಬಂದರಿನ ಗುಜರಿ ರಾಶಿಯಲ್ಲಿ ಎರಡು ವಾರ ಹುಡುಕಿ ಸಿಕ್ಕಿದ್ದು. ಕಾರ್ಬುರೇಟರಿನ ಜೆಟ್ ತೂತು ಸೂಜಿಯಲ್ಲಿ ಚುಚ್ಚಬಾರದು, ತೂತು ದೊಡ್ಡದಾದರೆ ಮತ್ತೆ ಸರಿಯಾಗುವುದಿಲ್ಲ. ಪೆಟ್ರೋಲಿನಲ್ಲಿ ನೆನೆಸಿ ಗಾಳಿ ಊದಿ ಬಿಡಿಸಿದೆ. ಕೆಳಗಿನ ಗೇರ್ ಬಾಕ್ಸಿನ ಆಯಿಲ್ ಹಾಲಿನ ಚಹಾದ ಬಣ್ಣಕ್ಕೆ ಬಂದಿತ್ತು. ಅಂದರೆ ನೀರು ಒಳಗೆ ಹೋಗಿದೆ, ಸೀಲ್ ಹೋಗಿದೆ ಎಂದರ್ಥ. ಗೇರು ಉಳಿದಿತ್ತು, ಅದೃಷ್ಟ.

ಫ್ಲೈವೀಲ್ ಕೂರಿಸುವ ದಿನ ಉಪ್ಪ ಎದ್ದು ಹತ್ತಿರ ಬಂದರು. ಶಾಫ್ಟಿನ ಓರೆ ಭಾಗ, ಚಕ್ರದ ಒಳಭಾಗ ಎರಡನ್ನೂ ಎಣ್ಣೆಪಸೆ ಇಲ್ಲದ ಹಾಗೆ ಒರೆಸಿ, ಕೀ ಇಟ್ಟು, ಟಾರ್ಕ್ ವ್ರೆಂಚ್ ಹಾಕಿ ಕಂಪೆನಿಯ ಅಳತೆಗೆ ಬಿಗಿ ಮಾಡಿದೆ. ಅದು ಕ್ಲಿಕ್ ಅಂತು.

"ಇನ್ನೊಂದು ಸಲ" ಅಂದರು. ಇನ್ನೊಂದು ಸಲ ಕ್ಲಿಕ್ ಅಂತು. "ನೀನೂ ಮಾಡು" ಅಂತ ಮೊಮ್ಮಗನಿಗೆ ಹೇಳಿದರು. ಅವನಿಗೂ ಕ್ಲಿಕ್ ಅಂತು.

ಕಂಪ್ರೆಶನ್ ನೋಡಿದೆವು. ಮೇಲಿನದ್ದು 95, ಕೆಳಗಿನದ್ದು 92. ಎರಡರ ಅಂಕಿ ಹತ್ತಿರ ಹತ್ತಿರ ಇದ್ದರೆ ಒಳ್ಳೆಯದು, ದೊಡ್ಡ ವ್ಯತ್ಯಾಸ ಇದ್ದರೆ ಏನೋ ತಪ್ಪಿದೆ ಅಂತ.

ಡ್ರಮ್ಮಿಗೆ ನೀರು ತುಂಬಿ, ಪ್ರೊಪೆಲ್ಲರ್ ಬಿಚ್ಚಿಟ್ಟು, ಮೋಟಾರ್ ನಿಲ್ಲಿಸಿ ಹಗ್ಗ ಎಳೆದೆ. ಆರನೆಯ ಎಳೆತಕ್ಕೆ ಕೆಮ್ಮಿತು. ಒಂಬತ್ತನೆಯದಕ್ಕೆ ಹೊತ್ತಿಕೊಂಡಿತು. ಹೊಗೆಯಲ್ಲಿ ಯಾರ ಮುಖವೂ ಕಾಣಲಿಲ್ಲ. ಮಗ ಕುಣಿಯುತ್ತಿದ್ದ. ಉಪ್ಪ ಮಾತ್ರ ಕೈ ಎತ್ತಿ "ನಿಲ್ಲಿಸು, ನಿಲ್ಲಿಸು, ನೀರು ಬರುವುದಿಲ್ಲ!" ಅಂದರು.

ಹೌದು. ಮೋಟಾರಿನ ಹಿಂಬದಿಯ ಸಣ್ಣ ತೂತಿನಿಂದ ನೀರಿನ ಎಳೆ ಚಿಮ್ಮಬೇಕು. ಅದು ಚಿಮ್ಮಿದರೆ ಒಳಗಿನ ರಬ್ಬರ್ ಇಂಪೆಲ್ಲರ್ ನೀರು ಎಳೆದು ಇಂಜಿನ್ ತಣಿಸುತ್ತಿದೆ ಎಂದರ್ಥ. ನಾನು ಖುಷಿಯಲ್ಲಿ ಅದನ್ನು ನೋಡಲೇ ಇಲ್ಲ. ನಿಲ್ಲಿಸಿ ಕೆಳಭಾಗ ಬಿಚ್ಚಿದರೆ ನೀರಿನ ಕೊಳವೆ ಪಂಪಿನ ರಬ್ಬರ್ ಬಾಯಿಗೆ ಕೂತಿರಲೇ ಇಲ್ಲ, ಪಕ್ಕದಲ್ಲಿ ನಿಂತಿತ್ತು. ಇನ್ನೆರಡು ನಿಮಿಷ ಓಡಿಸಿದ್ದರೆ ಹೊಸ ಪಿಸ್ಟನ್ ನಿಜವಾಗಿಯೂ ಸೀಜ್ ಆಗುತ್ತಿತ್ತು, ಈ ಸಲ ತಪ್ಪು ನನ್ನದೇ ಆಗುತ್ತಿತ್ತು.

ಒಟ್ಟು ಖರ್ಚು 23,600 ರೂಪಾಯಿ. ಬಿರಿಯಾನಿ ಚೆಂಬು ಬೇರೆ. ಲಾಭ ನಷ್ಟದ ಲೆಕ್ಕ ಹಾಕಿದರೆ ಇದು ವ್ಯಾಪಾರವಲ್ಲ. ಬ್ಯಾರಿ ಆಗಿ ಹುಟ್ಟಿ ಇಂಥ ಬ್ಯಾರ ಮಾಡಿದೆ ಅಂತ ತಮ್ಮ ಈಗಲೂ ನಗುತ್ತಾನೆ.

ನಿಮ್ಮ ಮನೆಯಲ್ಲೂ ಇದ್ದರೆ

ನಮ್ಮ ಹೊಳೆಕರೆಯ, ಕಡಲಕರೆಯ ಎಷ್ಟೋ ಮನೆಗಳ ಹಿತ್ತಿಲಲ್ಲಿ ಇಂಥ ಮೋಟಾರು ಬಿದ್ದಿರುವುದು ನೋಡಿದ್ದೇನೆ. ಕೈ ಹಾಕುವವರಿಗೆ ನಾಲ್ಕು ಮಾತು:

- ಬಿಚ್ಚುವ ಮೊದಲು ಪ್ರತಿ ಹಂತದ ಫೋಟೋ ತೆಗೆಯಿರಿ. ಬೋಲ್ಟುಗಳನ್ನು ಬೇರೆ ಬೇರೆ ಡಬ್ಬಿಯಲ್ಲಿ ಹೆಸರು ಬರೆದು ಇಡಿ.
- ಫ್ಲೈವೀಲ್ ತೆಗೆಯಲು ಪುಲ್ಲರ್ ಬಳಸಿ. ಶಾಫ್ಟಿನ ತಲೆಗೆ ಸುತ್ತಿಗೆಯಿಂದ ಹೊಡೆಯಬೇಡಿ.
- ನೀರಿಲ್ಲದೆ ಒಂದು ಕ್ಷಣವೂ ಓಡಿಸಬೇಡಿ, ಇಂಪೆಲ್ಲರ್ ಸುಟ್ಟುಹೋಗುತ್ತದೆ. ಹೊಸ ಇಂಪೆಲ್ಲರ್ ಹಾಕದೆ ಹಳೆಯದನ್ನು ನಂಬಬೇಡಿ.
- ಡ್ರಮ್ಮಿನಲ್ಲಿ ಓಡಿಸುವಾಗ ಪ್ರೊಪೆಲ್ಲರ್ ಬಿಚ್ಚಿಡಿ. ಬಯಲಿನಲ್ಲಿ ಓಡಿಸಿ, ಮುಚ್ಚಿದ ಕೋಣೆಯಲ್ಲಿ ಹೊಗೆ ಜೀವಕ್ಕೆ ಅಪಾಯ. ಪೆಟ್ರೋಲ್ ಅಡುಗೆ ಕೋಣೆಯ ಹತ್ತಿರ ಬೇಡ, ಮಕ್ಕಳ ಕೈಗೂ ಬೇಡ.
- ಆಯಿಲ್ ಅಳತೆ ನಿಮ್ಮ ಮೋಟಾರಿನ ಪುಸ್ತಕದಲ್ಲಿ ಇದ್ದಂತೆ. 50ಕ್ಕೆ 1 ಅಂದರೆ ಒಂದು ಲೀಟರಿಗೆ 20 ಮಿ.ಲೀ. ಹಳೆಯ ಮೋಟಾರಿಗೆ, ಚಿಮಿಣಿ ಎಣ್ಣೆಗೆ ಅದಕ್ಕಿಂತ ಹೆಚ್ಚು ಬೇಕಾಗುತ್ತದೆ. ಅಳೆದು ಹಾಕಿ, ಅಂದಾಜು ಬೇಡ.
- ಸಬ್ಸಿಡಿ ಸೀಮೆಎಣ್ಣೆ ಪರ್ಮಿಟ್ ಇರುವ ಮೀನುಗಾರರಿಗೆ ಸೇರಿದ್ದು. ಹವ್ಯಾಸಕ್ಕೆ ಓಡಿಸುವವರು ಅದನ್ನು ಮುಟ್ಟಬೇಡಿ. ಚಿಮಿಣಿ ಎಣ್ಣೆಯ ಮೋಟಾರ್ ಪೆಟ್ರೋಲಿನಲ್ಲೇ ಓಡುತ್ತದೆ. ನಾನು ಹಾಗೆಯೇ ಓಡಿಸುತ್ತೇನೆ.
- ಉಪ್ಪುನೀರಿನಲ್ಲಿ ಓಡಿಸಿ ಬಂದ ದಿನವೇ ಸಿಹಿನೀರು ಹಾಯಿಸಿ ತೊಳೆಯಿರಿ. ನಮ್ಮ ಮನೆಯ ಕಥೆಯಿಂದ ಬೇರೇನು ಕಲಿಯದಿದ್ದರೂ ಇದನ್ನು ಕಲಿಯಿರಿ.
- ಲೈಫ್ ಜಾಕೆಟ್ ಹಾಕದೆ ದೋಣಿ ಹತ್ತಬೇಡಿ, ಈಜು ಎಷ್ಟೇ ಬರಲಿ.

ಎದುರು ದಡಕ್ಕೆ

ಡಿಸೆಂಬರಿನ ಒಂದು ಭಾನುವಾರ. ಗಾಳಿ ಇಲ್ಲ, ಹೊಳೆ ಕನ್ನಡಿಯ ಹಾಗೆ. ನೆರೆಮನೆಯವರ ಫೈಬರ್ ದೋಣಿ ಕೇಳಿ ತಂದಿದ್ದೆ. ಉಪ್ಪ ಬರುತ್ತಾರೆ ಅಂತ ನಾನು ಅಂದುಕೊಂಡಿರಲಿಲ್ಲ. ಬಿಳಿ ಅಂಗಿ ಹಾಕಿ ದಡಕ್ಕೆ ಬಂದು ನಿಂತಿದ್ದರು. ಕೈಯಲ್ಲಿ ಒಂದು ಸಣ್ಣ ಶೀಶೆ, ಹಿಂದೆ ಆಯಿಲ್ ಅಳೆಯುತ್ತಿದ್ದದ್ದು. ಉಮ್ಮ ಅದನ್ನು ಇಷ್ಟು ವರ್ಷ ಎಲ್ಲಿಟ್ಟಿದ್ದರೋ ಗೊತ್ತಿಲ್ಲ.

ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದು ಅಳೆದು ಸುರಿದರು. ಆಮೇಲೆ ಮೊಮ್ಮಗನ ಕಡೆ ತಿರುಗಿದರು.

"ನೋಡಿದಿಯಾ ಮೋನೇ? ನಾನು ಹಾಕಿದ್ದೇನೆ. ನೆನಪಿಟ್ಟುಕೋ."

"ನೋಡಿದೆ" ಅಂದ ಅವನು.

ರಸ್ತೆಯಲ್ಲಿ ಹೋದರೆ ಬೆಂಗ್ರೆಗೆ ತೊಕ್ಕೊಟ್ಟು ಸುತ್ತಿ, ನೇತ್ರಾವತಿ ಸೇತುವೆ ದಾಟಿ, ಬಂದರಿಗೆ ಹೋಗಿ, ಅಲ್ಲಿಂದ ಫೆರಿ ಹತ್ತಬೇಕು. ನೀರಿನಲ್ಲಿ ಎದುರು ದಡ ಅಷ್ಟೇ. ಅಳಿವೆಯ ಕಡೆಗೆ ಹೋಗದೆ ಒಳಹೊಳೆಯಲ್ಲೇ ನಿಧಾನವಾಗಿ ಹೋದೆವು. ಹೊಸ ರಿಂಗ್ ಕೂರುವ ತನಕ ಪೂರ್ತಿ ವೇಗ ಕೊಡಬಾರದು. ನಡುಹೊಳೆಯಲ್ಲಿ ಉಪ್ಪ ಕೈ ಚಾಚಿದರು, ನಾನು ಹಿಡಿಕೆ ಬಿಟ್ಟುಕೊಟ್ಟೆ.

ತಾಂಡೇಲರು ಮನೆಯ ಎದುರು ಬಲೆಯ ಹಗ್ಗ ಹೊಸೆಯುತ್ತಾ ಕೂತಿದ್ದರು, ಎಡಗೈಯಲ್ಲಿ. ಉಪ್ಪನನ್ನು ನೋಡಿ ಗುರುತು ಹಿಡಿಯಲು ಒಂದು ಕ್ಷಣ ಬೇಕಾಯಿತು. ಉಪ್ಪ ಕುಶಲ ಕೂಡ ಕೇಳದೆ ಜೇಬಿನಿಂದ ಕಾಗದ ತೆಗೆದು ಕೀಯ ಎರಡು ತುಂಡನ್ನು ಅವರ ಅಂಗೈಯಲ್ಲಿಟ್ಟು ಹೇಳಲು ಶುರು ಮಾಡಿದರು. ಕಾಯಿಲ್, ನಟ್ಟು, ಕಿಡಿ, ಆಯಿಲ್, ಎಲ್ಲವನ್ನೂ ಒಂದೇ ಉಸಿರಿನಲ್ಲಿ.

ತಾಂಡೇಲರು ಪೂರ್ತಿ ಕೇಳಿದರು. ತುಂಡುಗಳನ್ನು ವಾಪಸು ಕೊಟ್ಟರು.

"ಮೋಟಾರ್ ಯಾಕೆ ನಿಂತಿತು ಅಂತ ನಾನು ಒಂದು ದಿನವೂ ಯೋಚನೆ ಮಾಡಲಿಲ್ಲ ಬ್ಯಾರೀ. ಮೋಟಾರ್ ಅಂದ ಮೇಲೆ ನಿಲ್ಲುತ್ತದೆ. ನೀನು ಯಾಕೆ ಬರುವುದಿಲ್ಲ ಅಂತ ಯೋಚನೆ ಮಾಡಿದೆ."

ಉಪ್ಪನಿಗೆ ಉತ್ತರ ಇರಲಿಲ್ಲ. ಒಳಗಿನಿಂದ ಚಹಾ ಬಂತು. ಮತ್ತೆ ಇಬ್ಬರೂ ಆ ಕಾಲದ ಬಂಗುಡೆಯ ರೇಟಿನ ವಿಷಯ ಮಾತಾಡಿದರು, ಮಧ್ಯಾಹ್ನದ ತನಕ.

ವಾಪಸು ಬಂದು ದೋಣಿ ಕಟ್ಟಿ, ಮೋಟಾರ್ ಹೆಗಲ ಮೇಲೆ ಹೊತ್ತು ಹಿತ್ತಿಲಿಗೆ ತಂದೆ. ಸುಸ್ತಾಗಿತ್ತು. ನಾಳೆ ನೋಡುವ ಅಂತ ಒಳಗೆ ಹೋಗಿ ಮಲಗಿದ್ದೆ. ಕಿಟಕಿಯ ಹೊರಗೆ ಬಾವಿಯ ರಾಟೆಯ ಶಬ್ದ ಕೇಳಿತು. ಎದ್ದು ನೋಡಿದರೆ ಉಪ್ಪ ಡ್ರಮ್ಮಿಗೆ ನೀರು ಸೇದಿ ಹಾಕುತ್ತಿದ್ದರು.

"ಸಿಹಿನೀರು ಹಾಯಿಸದೆ ಮಲಗಿದಿಯಾ?" ಅಂದರು. "ಬಾ, ಕೊಡಪಾನ ಹಿಡಿ."